ಎರಡಲ್ಲಿನ ವರ್ಷ

ನಮ್ಮ ತೋಟದಿಂದ ಕೆರೆ ಕಡೆ ಇಳಿಯುವ ದಾರಿಯಲ್ಲಿ ಒಂದು ತಿರುವಿದೆ. ಒಂದು ಪಕ್ಕ ಕಾಫಿ ಗಿಡ, ಇನ್ನೊಂದು ಪಕ್ಕ ನಾಲ್ಕೈದು ಬೈನೆ ಮರ. 2023ರ ಅಕ್ಟೋಬರ್‌ನ ಒಂದು ಸಂಜೆ ನನ್ನ ಕುದುರೆ ಕೆಂಪಿ ಅಲ್ಲಿ ನಿಂತುಬಿಟ್ಟಳು. ನಾನು ಇಳಿದು ಹಗ್ಗ ಹಿಡಿದು ಎಳೆದೆ. ಬರಲಿಲ್ಲ. ಗದರಿದೆ. ಮೂಗಿನ ಹೊಳ್ಳೆ ಅಗಲ ಮಾಡಿ ಬುಸುಗುಟ್ಟಿದಳು. ಕೊನೆಗೆ ಕಾಫಿ ಗಿಡದ ಒಂದು ಬರಲು ಮುರಿದು ಅವಳ ಸೊಂಟದ ಮೇಲೆ ಎರಡು ಏಟು ಹಾಕಿದೆ. ಅವಳು ಎರಡು ಕಾಲ ಮೇಲೆ ಎದ್ದಳು, ಹಗ್ಗ ಕಿತ್ತುಕೊಂಡು ಮನೆ ಕಡೆ ಓಡಿದಳು.

ಮಾರನೇ ದಿನ ಬೆಳಿಗ್ಗೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಬಂದು ಕರೆದರು. "ಅಕ್ಕಾ, ಸ್ವಲ್ಪ ಬಂದು ನೋಡಿ." ತಿರುವಿನಿಂದ ಮೂವತ್ತು ಹೆಜ್ಜೆ ಮುಂದೆ ಒಂದು ಬೈನೆ ಮರ ಸೀಳಿ ಬಿದ್ದಿತ್ತು. ಪಕ್ಕದಲ್ಲಿ ಆನೆ ಲದ್ದಿ. ಒಂದಲ್ಲ, ಮೂರು ಕಡೆ. ನಾನು ಕೆಂಪಿಯನ್ನು ಹೊಡೆದ ಹೊತ್ತಿಗೆ ಆನೆಗಳು ಅಲ್ಲೇ ಮರದ ಹಿಂದೆ ಇದ್ದಿರಬೇಕು.

ನಾನು ಆ ಲದ್ದಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ನಮ್ಮ ಅರೇಹಳ್ಳಿ ಸೀಮೆಯಲ್ಲಿ ಆನೆ ಹೊಸದೇನಲ್ಲ. ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕಿನವರಿಗೆಲ್ಲ ಇದು ದಿನದ ಮಾತು. ಕಾಡಾನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬಂದ ಮೇಲೇ ನಾವು ಕೆಲಸದವರನ್ನು ತೋಟಕ್ಕೆ ಕಳಿಸೋದು. ಆ ಸಂಜೆ ಸಂದೇಶ ಬಂದಿರಲಿಲ್ಲ. ಕೆಂಪಿ ಹೇಳಿದ್ದಳು. ನನಗೆ ಅದು ಹಟ ಅಂತ ಕಂಡಿತು.

ಕೆಂಪಿ ಬಂದಾಗ ಅವಳಿಗೆ ಎಂಟು ತಿಂಗಳು. 2021ರ ಮಾರ್ಚ್‌ನಲ್ಲಿ ಹುಟ್ಟಿದವಳು. ಮಾರ್ವಾಡಿ ತಳಿಯ ಬೆರಕೆ. ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುವ ಹಾಗೆ ಕಾಣುತ್ತದಲ್ಲ, ಆ ಗುರುತು ಅವಳಿಗೂ ಸ್ವಲ್ಪ ಬಂದಿದೆ. ಬಣ್ಣ ಕೆಂಪು. ನಮ್ಮಮ್ಮ ಮನೆಯ ಹಸುವಿಗೆ ಇಡುವ ಹೆಸರನ್ನೇ ಇವಳಿಗೂ ಇಟ್ಟರು. ಹಳೆ ದನದ ಕೊಟ್ಟಿಗೆಯನ್ನು ಎತ್ತರ ಮಾಡಿಸಿ ಲಾಯ ಮಾಡಿದೆವು.

ಮೊದಲ ಒಂದೂವರೆ ವರ್ಷ ಹಬ್ಬದ ಹಾಗಿತ್ತು. ಕರೆದರೆ ಓಡಿ ಬರುತ್ತಿದ್ದಳು. ಕಾಲು ಎತ್ತು ಅಂದರೆ ಎತ್ತುತ್ತಿದ್ದಳು. ಹಗ್ಗವೇ ಇಲ್ಲದೆ ಕಣದ ಸುತ್ತ ನನ್ನ ಹಿಂದೆ ಬರುತ್ತಿದ್ದಳು. ಬೆಂಗಳೂರಿನಲ್ಲಿ ಮೂರು ವರ್ಷ ಸವಾರಿ ಕಲಿತವಳು ನಾನು. ಅಲ್ಲಿ ಪಳಗಿದ ಕುದುರೆಗಳನ್ನಷ್ಟೇ ಹತ್ತಿದ್ದೆ. ಮರಿಯನ್ನು ಬೆಳೆಸಿ ಗೊತ್ತಿರಲಿಲ್ಲ. ಹಾಗಾಗಿ ಅವಳು ಹಿಂದೆ ಬರುವುದನ್ನೇ ನಾನು ಕಲಿಕೆ ಅಂದುಕೊಂಡೆ. ಮರಿ ಯಾರ ಹಿಂದಾದರೂ ಹೋಗುತ್ತದೆ, ಅಲ್ವಾ? ಒಂಟಿಯಾಗಿರಲು ಹೆದರುತ್ತದೆ, ಅದಕ್ಕೆ ಬರುತ್ತದೆ. ಅದು ನನಗೆ ಆಗ ಹೊಳೆಯಲಿಲ್ಲ.

2023ರ ಮಳೆಗಾಲದಲ್ಲಿ ಎಲ್ಲ ಬದಲಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕುದುರೆಯನ್ನು ಹೊರಗೆ ಬಿಡುವುದೇ ಕಷ್ಟ. ಕೆಸರಿನಲ್ಲಿ ನಿಂತರೆ ಗೊರಸಿನ ಅಡಿ ಕೊಳೆಯುತ್ತದೆ. ಇಂಬಳ ಬೇರೆ. ಅವಳು ದಿನಕ್ಕೆ ಇಪ್ಪತ್ತು ಗಂಟೆ ಲಾಯದಲ್ಲೇ ನಿಂತಳು. ಪಾಪ, ನಿಂತೇ ಇರುತ್ತಾಳಲ್ಲ ಅಂತ ನಾನು ಹುರುಳಿ ಜಾಸ್ತಿ ಮಾಡಿದೆ. ನೆನೆಸಿ ಬೇಯಿಸಿದ ಹುರುಳಿ, ಮೇಲೆ ಬೆಲ್ಲ. ಓಡಾಟ ಇಲ್ಲದ ಎರಡು ವರ್ಷದ ಮೈಗೆ ಅಷ್ಟು ಕಾಳು ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಸೆಪ್ಟೆಂಬರ್‌ನಲ್ಲಿ ಹೊರಗೆ ತಂದಾಗ ನನ್ನ ಮುಂದೆ ಬೇರೆಯೇ ಕುದುರೆ ಇತ್ತು. ಭುಜದಿಂದ ನನ್ನನ್ನು ತಳ್ಳುತ್ತಿದ್ದಳು. ತೋಳಿಗೆ ಬಾಯಿ ಹಾಕುತ್ತಿದ್ದಳು. ಹಿಂಗಾಲು ಎತ್ತಲು ಹೋದರೆ ಒದೆಯಲು ಬರುತ್ತಿದ್ದಳು. ಹಗ್ಗ ಕಟ್ಟಲು ತಲೆಗೆ ಹಾಕುವ ಹಾಲ್ಟರ್ ಕಂಡರೆ ತಲೆ ಎತ್ತರಕ್ಕೆ ಹಿಡಿದು ಮೂಲೆಗೆ ಹೋಗುತ್ತಿದ್ದಳು.

ನನಗೆ ಬಹಳ ಬೇಸರವಾಯಿತು. ಕೈಯಾರೆ ಬೆಳೆಸಿದ ಜೀವ ನಮ್ಮ ಗುರುತೇ ಇಲ್ಲದ ಹಾಗೆ ನೋಡಿದರೆ ಆಗುವ ಬೇಸರ. ರಾತ್ರಿ ಮಲಗಿ ಅವಳು ಮರಿಯಾಗಿದ್ದಾಗಿನ ವಿಡಿಯೋಗಳನ್ನು ನೋಡುತ್ತಿದ್ದೆ.

ಆಗ ನಾನು ಮಾಡಿದ ತಪ್ಪು ಏನೆಂದರೆ, ಕೆಲಸ ಕೊಟ್ಟರೆ ಸರಿಹೋಗುತ್ತಾಳೆ ಅಂತ ತೀರ್ಮಾನಿಸಿದ್ದು. ರೇಸ್ ಕುದುರೆಗಳು ಎರಡು ವರ್ಷಕ್ಕೇ ಓಡುತ್ತವೆ, ಇವಳಿಗೆ ಎರಡೂವರೆ ಆಯಿತಲ್ಲ ಅಂದುಕೊಂಡೆ. ಒಬ್ಬ ತರಬೇತುದಾರರನ್ನು ಕರೆಸಿದೆ. ಹದಿನೈದು ದಿನದಲ್ಲಿ ಹತ್ತಿಸಿ ಕೊಡುತ್ತೇನೆ ಅಂದರು. ಕಡಿವಾಣ ಬಾಯಿಗೆ ಬಂತು. ಜೀನು ಬೆನ್ನಿಗೆ ಬಂತು. ಅವಳ ತಲೆಯನ್ನು ಪಕ್ಕಕ್ಕೆ ಎಳೆದು ಜೀನಿಗೆ ಕಟ್ಟಿ ಗಂಟೆಗಟ್ಟಲೆ ನಿಲ್ಲಿಸಿದರು. "ಯಾರು ದೊಡ್ಡವರು ಅಂತ ಗೊತ್ತಾಗಬೇಕು" ಅನ್ನುತ್ತಿದ್ದರು. ನಾನು ಅದನ್ನು ನೋಡುತ್ತ ನಿಂತಿದ್ದೆ. ದುಡ್ಡು ಕೊಟ್ಟವಳೂ ನಾನೇ. ಒಂಬತ್ತನೇ ದಿನ ಅವರನ್ನು ಕಳಿಸಿದೆ. ಮೊದಲ ದಿನವೇ ಕಳಿಸಬೇಕಿತ್ತು.

ಆಮೇಲೂ ನಾನು ಹತ್ತುವುದನ್ನು ಬಿಡಲಿಲ್ಲ. ನವೆಂಬರ್ ಮೊದಲ ವಾರ ಕಾಫಿ ಒಣಗಿಸುವ ಕಣದ ಪಕ್ಕ ಹೋಗುತ್ತಿದ್ದೆವು. ಅರೇಬಿಕಾ ಕೊಯ್ಲು ಶುರುವಾಗಿತ್ತು. ಹೊಸ ನೀಲಿ ಟಾರ್ಪಾಲು ಗಾಳಿಗೆ ಪಟಪಟ ಅಂದಿತು. ನಾನು ಲಗಾಮು ಎಳೆದೆ. ಅವಳು ತಲೆ ಕೊಡವಿ ಎದ್ದಳು. ಅಷ್ಟೇ ನನಗೆ ನೆನಪಿರೋದು. ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್.

ದೀಪಾವಳಿಗೆ ಸೋದರಮಾವ ನನ್ನನ್ನು ನೋಡಲು ಬಂದರು. ಅಮ್ಮನ ತವರು ಚನ್ನರಾಯಪಟ್ಟಣದ ಆಚೆ ಹಿರೀಸಾವೆ ಕಡೆ. ಮಾವ ಜೀವನವೆಲ್ಲ ಹಳ್ಳಿಕಾರ್ ಎತ್ತಿನ ಜೋಡಿ ಕಟ್ಟಿದವರು. ಬೂಕನಬೆಟ್ಟದ ದನದ ಜಾತ್ರೆಯನ್ನು ಚಿಕ್ಕಂದಿನಿಂದ ತಪ್ಪಿಸಿಲ್ಲ. ಕುದುರೆ ಮುಟ್ಟಿದವರಲ್ಲ. ಕಾಫಿ ಕುಡಿದು ಸೀದಾ ಕೊಟ್ಟಿಗೆಗೆ ಹೋದರು. ಕೆಂಪಿಯ ಹತ್ತಿರ ಹೋಗಲಿಲ್ಲ. ಬಾಗಿಲ ಪಕ್ಕ ಬೆನ್ನು ಹಾಕಿ ಕೂತರು. ಬೀಡಿ ಹಚ್ಚದೆ ಸುಮ್ನೆ ಕೈಯಲ್ಲಿ ಹಿಡಿದುಕೊಂಡಿದ್ದರು. ಅರ್ಧ ಗಂಟೆ ಆದ ಮೇಲೆ ಅವಳೇ ಬಂದು ಅವರ ಟವೆಲು ಮೂಸಿದಳು. ಮಾವ ನಿಧಾನಕ್ಕೆ ಎದ್ದು ಕತ್ತು ಸವರಿದರು. ಹಾಗೇ ಕೈ ಜಾರಿಸಿ ತುಟಿ ಎತ್ತಿ ನೋಡಿದರು.

"ಎರಡಲ್ಲು ಕಣವ್ವ ಇದು. ಇನ್ನೂ ಪೂರ್ತಿ ಬಂದಿಲ್ಲ. ಅಯ್ಯೋ, ಮೇಲೂ ಹಲ್ಲೈತಲ್ಲ ಇದಕ್ಕೆ!"

ದನಕ್ಕೆ ಮೇಲಿನ ಮುಂಹಲ್ಲು ಇರುವುದಿಲ್ಲ. ಮಾವನಿಗೆ ಅದೇ ಆಶ್ಚರ್ಯ. ಕುದುರೆಗೆ ಮೇಲೆ ಆರು, ಕೆಳಗೆ ಆರು. ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ ಬಿದ್ದು ಹೊಸದು ಬರುತ್ತದೆ, ಅದೇ ಎರಡಲ್ಲು. ಅದರ ಪಕ್ಕದ್ದು ಮೂರೂವರೆಗೆ. ಕೊನೆಯದು ನಾಲ್ಕೂವರೆಗೆ. ಐದಕ್ಕೆ ಎಲ್ಲ ಹಲ್ಲೂ ಬಂದು ಬಾಯಿ ಗೂಡುತ್ತದೆ. ನಾನು ಇದನ್ನೆಲ್ಲ ಓದಿದ್ದೆ, ವಯಸ್ಸು ಗೊತ್ತು ಮಾಡುವ ಲೆಕ್ಕ ಅಂತ. ಮಾವ ಅದನ್ನು ನೋವಿನ ಲೆಕ್ಕ ಅಂತ ಓದಿದರು.

"ಹಲ್ಲು ಬೀಳೋ ಹೊತ್ತಲ್ಲಿ ಬಾಯಿಗೆ ಕಬ್ಬಿಣ ಕೊಟ್ಟಿದ್ದೀಯಲ್ಲವ್ವ. ನಿಂಗೆ ಹಲ್ಲು ಬಿದ್ದಾಗ ಕಡ್ಲೆಕಾಯಿ ಕೊಟ್ರೂ ಅಳ್ತಿದ್ದೆ."

ಅಮ್ಮ ನಕ್ಕರು. ನನಗೆ ಗಂಟಲು ಕಟ್ಟಿತು.

ಡಿಸೆಂಬರ್‌ನಲ್ಲಿ ಹಾಸನದಿಂದ ಪಶುವೈದ್ಯರು ಬಂದರು. ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಬಾಯಿ ತೆರೆಸಿ, ಟಾರ್ಚ್ ಹಾಕಿ ನನಗೂ ತೋರಿಸಿದರು. ಮುಂಹಲ್ಲಿನ ಕಥೆ ಅರ್ಧ ಮಾತ್ರ. ಅದೇ ವಯಸ್ಸಿನಲ್ಲಿ ಒಳಗಿನ ದವಡೆಯಲ್ಲೂ ಹಾಲುಹಲ್ಲು ಸಡಿಲವಾಗುತ್ತದೆ. ಹೊಸ ಹಲ್ಲಿನ ತಲೆ ಮೇಲೆ ಟೋಪಿಯ ಹಾಗೆ ಕೂತಿರುತ್ತದೆ. ಒಂದು ಟೋಪಿ ಅರ್ಧ ಕಿತ್ತು ಕೆನ್ನೆಗೆ ಚುಚ್ಚುತ್ತಿತ್ತು. ಅದರ ಮುಂದೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಒಂದು ಹಲ್ಲು. ಅದಕ್ಕೆ ಏನೂ ಕೆಲಸವಿಲ್ಲ, ಎಲ್ಲ ಕುದುರೆಗೂ ಇರುವುದೂ ಇಲ್ಲ. ಇದ್ದರೆ ಕಡಿವಾಣ ಬಂದು ತಾಗುವ ಜಾಗದ ಹತ್ತಿರವೇ ಇರುತ್ತದೆ. ಎರಡನ್ನೂ ತೆಗೆದರು. ನನ್ನ ಅಂಗೈಯಲ್ಲಿ ಇಟ್ಟರು. ನಾನು ಲಗಾಮು ಎಳೆದಾಗಲೆಲ್ಲ ಅವಳು ಯಾಕೆ ತಲೆ ಕೊಡವುತ್ತಿದ್ದಳು ಅನ್ನುವುದಕ್ಕೆ ಉತ್ತರ ಅಷ್ಟು ಸಣ್ಣದಿತ್ತು.

ವೈದ್ಯರು ಇನ್ನೊಂದು ಮಾತು ಹೇಳಿದರು. ಕುದುರೆಯ ಮೂಳೆ ಕೆಳಗಿನಿಂದ ಮೇಲಕ್ಕೆ ಬಲಿಯುತ್ತಾ ಬರುತ್ತದೆ. ಗೊರಸಿನ ಹತ್ತಿರದ ಕೀಲುಗಳು ಮೊದಲ ವರ್ಷದಲ್ಲೇ ಗಟ್ಟಿಯಾಗುತ್ತವೆ. ಮುಂಗಾಲಿನ ಮಂಡಿ ಎರಡೂವರೆ ವರ್ಷದ ಆಸುಪಾಸಿಗೆ. ಎಲ್ಲಕ್ಕಿಂತ ಕೊನೆಗೆ ಬೆನ್ನೆಲುಬು, ಅದು ಬಲಿಯುವಾಗ ಐದು ದಾಟಿರುತ್ತದೆ. ನಾವು ಕೂರುವುದು ಅಲ್ಲೇ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುತ್ತಾರೆ. ಅದು ಬೆಳೆದ ಕುದುರೆಗೆ. ಕೆಂಪಿ ಆಗ ಹೆಚ್ಚೆಂದರೆ 300 ಕೆಜಿ. ನಾನು 56, ಜೀನು 7. ಲೆಕ್ಕ ಹಾಕಿ ನೋಡಿ. ಬೆಳೆದ ಕುದುರೆಗೇ ಜಾಸ್ತಿಯಾಗುವ ಭಾರವನ್ನು ಎರಡೂವರೆ ವರ್ಷದ ಬೆನ್ನ ಮೇಲೆ ಇಟ್ಟಿದ್ದೆ.

ಪ್ಲಾಸ್ಟರ್ ಇದ್ದ ದಿನಗಳಲ್ಲಿ ಇನ್ನೇನೂ ಮಾಡಲು ಆಗದೆ ಒಂದು ಕೆಲಸ ಮಾಡಿದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಅವಳ ಕೆಟ್ಟ ದಿನಗಳಿಗೆ ಕೆಂಪು ಚುಕ್ಕಿ ಇಟ್ಟೆ. ಹಿಂದಿನ ದಿನಗಳನ್ನೂ ನೆನಪು ಮಾಡಿಕೊಂಡು ಗುರುತು ಹಾಕಿದೆ. ಕೆಲವು ಚುಕ್ಕಿಗಳು ಮೂರು ವಾರಕ್ಕೊಮ್ಮೆ ಗುಂಪಾಗಿ ಬಂದಿದ್ದವು. ಬೆದೆ! ಹೆಣ್ಣು ಕುದುರೆಗೆ ಸುಮಾರು 21 ದಿನಕ್ಕೊಮ್ಮೆ ಬೆದೆ ಬರುತ್ತದೆ, ಐದಾರು ದಿನ ಇರುತ್ತದೆ. ಸೊಂಟ ಮುಟ್ಟಿದರೆ ಆ ದಿನಗಳಲ್ಲೇ ಒದೆಯಲು ಬರುತ್ತಿದ್ದದ್ದು. ಹಸು ಕಟ್ಟಿದ ಮನೆಯಲ್ಲಿ ಬೆಳೆದ ನನಗೆ ಬೆದೆ ಗೊತ್ತಿಲ್ಲವೇ? ಕುದುರೆಯಲ್ಲಿ ಮಾತ್ರ ಅದನ್ನು ಹಟ ಅಂತ ಕರೆದೆ.

ಹೀಗೆ ಒಂದೊಂದೇ ಕಳೆಯುತ್ತಾ ಬಂದೆ. ಹಲ್ಲು, ಬೆನ್ನು, ಬೆದೆ, ಹುರುಳಿ, ಆನೆ. ಆದರೂ ಒಂದಿಷ್ಟು ಉಳಿಯಿತು. ಅದನ್ನೂ ಹೇಳಬೇಕು. ಏನೂ ನೋವಿಲ್ಲದ ದಿನವೂ ಅವಳು ತಳ್ಳುತ್ತಿದ್ದಳು, ಕಚ್ಚಲು ಬರುತ್ತಿದ್ದಳು. ಎಲ್ಲವನ್ನೂ ನೋವಿನ ಲೆಕ್ಕಕ್ಕೆ ಬರೆದರೆ ಅದೂ ಸುಳ್ಳಾಗುತ್ತದೆ. ಅವಳು ಬೆಳೆಯುತ್ತಿದ್ದಳು. ಯಾರನ್ನು ಎಷ್ಟು ತಳ್ಳಬಹುದು ಅಂತ ನೋಡುತ್ತಿದ್ದಳು. ನನ್ನ ಹತ್ತಿರ ಅದಕ್ಕೆ ಸರಿಯಾದ ಉತ್ತರವಿರಲಿಲ್ಲ. ಒಂದು ದಿನ ಸುಮ್ಮನಿರುತ್ತಿದ್ದೆ, ಇನ್ನೊಂದು ದಿನ ಕೂಗುತ್ತಿದ್ದೆ.

ಮಾವನನ್ನು ಫೋನಿನಲ್ಲಿ ಕೇಳಿದೆ. ಹೋರಿ ಕರುಗಳನ್ನು ಹೇಗೆ ತಿದ್ದುತ್ತೀರಿ?

ಈ ಮಾತು ನನಗೆ ಬಹಳ ಇಷ್ಟ. ನಮ್ಮ ಕಡೆ ಕರುವನ್ನು ನೊಗಕ್ಕೆ ಒಗ್ಗಿಸುವುದಕ್ಕೆ ತಿದ್ದುವುದು ಅನ್ನುತ್ತಾರೆ. ಮಕ್ಕಳು ಅಕ್ಷರ ತಿದ್ದುವುದಕ್ಕೂ ಅದೇ ಮಾತು. ತಪ್ಪು ಸರಿಮಾಡುವುದಕ್ಕೂ ಅದೇ. ನಾನು ಇಷ್ಟು ದಿನ ಮೂರನೆಯ ಅರ್ಥದಲ್ಲೇ ಇದ್ದೆ.

"ತಿದ್ದೋದು ಅಂದ್ರೆ ಹೊಡಿಯೋದಲ್ಲ ಕಣವ್ವ. ನಿಮ್ಮಜ್ಜ ಮರಳಲ್ಲಿ ಅ ಬರೆದು ಅದರ ಮೇಲೇ ನಿನ್ನ ಬೆರಳು ಆಡಿಸ್ತಿರಲಿಲ್ವಾ? ಹಂಗೆ. ಮೊದ್ಲು ಹಳೇ ಎತ್ತಿನ ಪಕ್ಕ ಸುಮ್ನೆ ನಡೆಸ್ತೀವಿ. ಆಮೇಲೆ ಬರೀ ನೊಗ. ಆಮೇಲೆ ಒಂದು ಕೊರಡು ಎಳೆಸ್ತೀವಿ. ಖಾಲಿ ಗಾಡಿ ಅದಾದ ಮೇಲೆ. ಹೇರು ಎಲ್ಲಕ್ಕಿಂತ ಕೊನೇಗೆ. ಕರುಗೆ ಕಲಿಸೋನು ನಾನಲ್ಲ. ಪಕ್ಕದ ಎತ್ತು."

ಪಕ್ಕದ ಎತ್ತು. ಕೆಂಪಿಗೆ ಅದೇ ಇರಲಿಲ್ಲ. ಎಂಟು ತಿಂಗಳಿಗೆ ತಾಯಿಯಿಂದ ಬೇರೆಯಾಗಿ ಬಂದವಳು ಇನ್ನೊಂದು ಕುದುರೆಯ ಮುಖವನ್ನೇ ನೋಡಿರಲಿಲ್ಲ. ಎರಡು ಹಸು, ಒಂದು ನಾಯಿ, ನಾನು. ಕುದುರೆ ಗುಂಪಿನ ಜೀವ. ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಮರಿಗಳು ದೊಡ್ಡ ಕುದುರೆಗಳಿಂದ ಕಲಿಯುತ್ತವೆ.

2024ರ ಫೆಬ್ರವರಿಯಲ್ಲಿ ಅಜ್ಜಿ ಬಂದಳು. ಮೈಸೂರಿನಲ್ಲಿ ಟಾಂಗಾ ಎಳೆದು ಸಾಕಾದ ಬಿಳಿ ಹೆಣ್ಣು ಕುದುರೆ. ವಯಸ್ಸು ಹದಿನೆಂಟರ ಮೇಲೆ. ಬೆನ್ನು ಸ್ವಲ್ಪ ಬಗ್ಗಿದೆ. ಬಸ್ಸು, ಪಟಾಕಿ, ಮೆರವಣಿಗೆ ಎಲ್ಲ ನೋಡಿದ ಕಣ್ಣು. ಮೊದಲ ಮೂರು ದಿನ ಬೇಲಿಯ ಎರಡು ಕಡೆ ಬಿಟ್ಟೆ. ನಾಲ್ಕನೇ ದಿನ ಒಟ್ಟಿಗೆ ಬಿಟ್ಟೆ. ಕೆಂಪಿ ತನ್ನ ರೂಢಿಯಂತೆ ಭುಜ ಕೊಟ್ಟು ತಳ್ಳಲು ಹೋದಳು. ಅಜ್ಜಿ ಕಿವಿ ಹಿಂದಕ್ಕೆ ಮಡಚಿದಳು. ಕೆಂಪಿ ಗಮನಿಸಲಿಲ್ಲ. ಅಜ್ಜಿ ಕತ್ತು ಚಾಚಿದಳು. ಆಗಲೂ ಗಮನಿಸಲಿಲ್ಲ. ಒಂದೇ ಒಂದು ಸಲ ಕಚ್ಚಿದಳು, ಕತ್ತಿನ ಬುಡಕ್ಕೆ. ಕೆಂಪಿ ಕಿರುಚಿ ಹಿಂದೆ ಸರಿದಳು. ಸರಿದ ಕ್ಷಣವೇ ಅಜ್ಜಿ ಕಿವಿ ಮುಂದೆ ಮಾಡಿ ಹುಲ್ಲಿಗೆ ಬಾಯಿ ಹಾಕಿದಳು. ಏನೂ ಆಗೇ ಇಲ್ಲ ಅನ್ನುವ ಹಾಗೆ.

ನಾನು ಬೇಲಿ ಹಿಡಿದು ಅದನ್ನೇ ನೋಡುತ್ತ ನಿಂತೆ. ಕುದುರೆ ಕಲಿಯುವುದು ಹಗ್ಗ ಎಳೆದಾಗ ಅಲ್ಲ, ಬಿಟ್ಟಾಗ ಅಂತ ಸವಾರಿ ಕಲಿಸಿದವರು ನೂರು ಸಲ ಹೇಳಿದ್ದರು. ಒತ್ತಡ ಯಾವ ಕ್ಷಣ ಹೋಯಿತೋ, ಆ ಕ್ಷಣ ತಾನು ಮಾಡುತ್ತಿದ್ದದ್ದೇ ಸರಿ ಅಂತ ಅದು ತಿಳಿಯುತ್ತದೆ. ನಾನು ಹೊಡೆದ ಮೇಲೂ ಐದು ನಿಮಿಷ ಬೈಯುತ್ತಿದ್ದೆ. ಅರ್ಧ ಗಂಟೆ ಮುನಿಸಿಕೊಂಡಿರುತ್ತಿದ್ದೆ. ಅಜ್ಜಿಯ ಸಿಟ್ಟು ಎರಡು ಸೆಕೆಂಡಿನದು. ಮತ್ತೆ ಅವಳು ಮೊದಲು ಕಿವಿಯಲ್ಲಿ ಹೇಳಿದಳು, ಆಮೇಲೆ ಕತ್ತಿನಲ್ಲಿ, ಕೊನೆಗೆ ಹಲ್ಲಿನಲ್ಲಿ. ಪ್ರತಿ ಸಲ ಅದೇ ಕ್ರಮ. ಎರಡು ವಾರ ಕಳೆಯುವಷ್ಟರಲ್ಲಿ ಕಿವಿ ಮಡಚಿದರೆ ಸಾಕಾಗಿತ್ತು.

ಆ ವರ್ಷ ಪೂರ್ತಿ ಕೆಂಪಿಯ ಬೆನ್ನ ಮೇಲೆ ಏನೂ ಇಡಲಿಲ್ಲ. ಬಾಯಿಗೂ ಏನೂ ಹಾಕಲಿಲ್ಲ. ಹುರುಳಿ ಒಂದು ಹಿಡಿಗೆ ಇಳಿಸಿದೆ, ಹುಲ್ಲು ಜಾಸ್ತಿ ಮಾಡಿದೆ. ಮಳೆ ಇದ್ದರೂ ದಿನಕ್ಕೆ ಎರಡು ಸಲ ಹೊರಗೆ. ತಿರುಗಿ ಬಂದ ಮೇಲೆ ಗೊರಸು ಒರೆಸಿ ಒಣಗಿಸುವ ಕೆಲಸ ಇತ್ತು, ಮಾಡಿದೆ. ನಾನು ಅಜ್ಜಿಯ ಹಗ್ಗ ಹಿಡಿದು ನಡೆಯುತ್ತಿದ್ದೆ, ಕೆಂಪಿ ಅಜ್ಜಿಯ ಪಕ್ಕ. ಅರೇಹಳ್ಳಿ ರಸ್ತೆ, ಪಿಕಪ್ ಗಾಡಿ, ಶಾಲೆ ಬಿಟ್ಟ ಮಕ್ಕಳು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಸದ್ದು. ಕೆಂಪಿ ಬೆಚ್ಚಿದಾಗ ಮೊದಲು ಅಜ್ಜಿಯ ಕಡೆ ನೋಡುತ್ತಿದ್ದಳು. ಅಜ್ಜಿ ನಡೆಯುತ್ತಲೇ ಇರುತ್ತಿದ್ದಳು.

ನೀಲಿ ಟಾರ್ಪಾಲಿಗೆ ಮಾತ್ರ ನಾಲ್ಕು ತಿಂಗಳು ಬೇಕಾಯಿತು. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಹಣೆಯ ಎದುರಿಗೇ ಒಂದು ಚೂರು, ಬಾಲದ ಹಿಂದೆ ಒಂದು ಚೂರು. ಎಡಗಡೆಯಿಂದ ಪರಿಚಯವಾದ ವಸ್ತು ಬಲಗಡೆಯಿಂದ ಬಂದರೆ ಅದಕ್ಕೆ ಹೊಸದಾಗಿ ಕಾಣಬಹುದು. ಹಾಗಾಗಿ ಟಾರ್ಪಾಲನ್ನು ಮೊದಲು ಕರ್ಚೀಫಿನಷ್ಟು ಮಡಚಿ ಹುಲ್ಲಿನ ಬುಟ್ಟಿಯ ಪಕ್ಕ ಇಟ್ಟೆ. ಆಮೇಲೆ ಟವೆಲಿನಷ್ಟು. ಎಡಗಡೆ ಒಂದು ವಾರ, ಬಲಗಡೆ ಒಂದು ವಾರ. ಪೂರ್ತಿ ಹಾಸಿದ ದಿನ ಅಜ್ಜಿ ಅದರ ಮೇಲೆ ನಡೆದು, ನಡುವೆ ನಿಂತು, ಲದ್ದಿ ಹಾಕಿದಳು. ಕೆಂಪಿ ಬಂದು ಅದನ್ನು ಮೂಸಿ, ಒಂದು ಕಾಲು ಇಟ್ಟಳು. ಆ ದಿನಕ್ಕೆ ಅಷ್ಟೇ ಸಾಕು ಅಂತ ಮನೆಗೆ ಬಂದೆವು.

ಊರವರು ಕೇಳುತ್ತಿದ್ದರು. "ಏನ್ ಮೇಡಂ, ಕುದುರೆ ಇಟ್ಕೊಂಡು ನಡ್ಕೊಂಡು ಹೋಗ್ತೀರಲ್ಲ?" ಮೊದಮೊದಲು ನಾಚಿಕೆ ಆಗುತ್ತಿತ್ತು. ಆಮೇಲೆ ಹೇಳಲು ಶುರುಮಾಡಿದೆ, ಇನ್ನೂ ಹಲ್ಲು ಬೀಳ್ತಿದೆ ಅಂತ. ದನ ಕಟ್ಟಿದವರಿಗೆ ಅಷ್ಟು ಹೇಳಿದರೆ ಸಾಕು. ತಲೆ ಆಡಿಸಿ ಹೋಗುತ್ತಿದ್ದರು.

ಒಮ್ಮೆ ಮಾವ ಬಂದಾಗ ಹಳೇಬೀಡಿಗೆ ಹೋಗಿದ್ದೆವು. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರ ಸಾಲು. ಚಿಕ್ಕಂದಿನಿಂದ ನೋಡಿದ ಗೋಡೆ. ಆ ದಿನ ಕುದುರೆಗಳ ಬಾಯಿಯನ್ನೇ ನೋಡುತ್ತ ಗುಡಿ ಸುತ್ತಿದೆ. ಒಂಬೈನೂರು ವರ್ಷದ ಹಿಂದೆಯೂ ಈ ಸೀಮೆಯಲ್ಲಿ ಯಾರೋ ಒಬ್ಬರು ಎರಡಲ್ಲಿನ ಕುದುರೆಯ ಜೊತೆ ಕಷ್ಟಪಟ್ಟಿರುತ್ತಾರೆ. ತಿದ್ದಿದವರು ಆ ಗೋಡೆಯಲ್ಲಿಲ್ಲ, ಹತ್ತಿದವರಿದ್ದಾರೆ. ಆ ಹೆಸರಿಲ್ಲದವರ ಹತ್ತಿರ ಕೇಳಲು ನನ್ನಲ್ಲಿ ಎಷ್ಟೊಂದು ಪ್ರಶ್ನೆಗಳಿದ್ದವು.

2025ರ ಜನವರಿಯಲ್ಲಿ ಮತ್ತೆ ಜೀನು ಹಾಕಿದೆ. ಕೆಂಪಿಗೆ ನಾಲ್ಕು ತುಂಬಲು ಎರಡು ತಿಂಗಳು ಬಾಕಿ. ತೂಕ 350 ಕೆಜಿ ದಾಟಿತ್ತು. ಮೊದಲು ಬರೀ ಬಟ್ಟೆ, ಆಮೇಲೆ ಖಾಲಿ ಜೀನು, ಆಮೇಲೆ ಜೀನಿನ ಮೇಲೆ ಮರಳಿನ ಸಣ್ಣ ಚೀಲ. ಮಾವನ ಕೊರಡು, ಖಾಲಿ ಗಾಡಿ, ಹೇರು ಇದೇ ಅಲ್ವಾ? ನಾನು ಹತ್ತಿದ್ದು ಮಾರ್ಚ್‌ನಲ್ಲಿ. ಹತ್ತು ನಿಮಿಷ. ಬಾಯಿಗೆ ಕಡಿವಾಣ ಇಲ್ಲ, ಮೂಗಿನ ಮೇಲೆ ಪಟ್ಟಿ ಮಾತ್ರ. ಅಜ್ಜಿ ಮುಂದೆ ನಡೆದಳು.

ಎಲ್ಲ ಸರಿಹೋಗಿದೆ ಅಂತ ಹೇಳಲಾರೆ. ಏಪ್ರಿಲ್‌ನಲ್ಲಿ ಒಂದು ವಾರ ಮತ್ತೆ ಹಿಂಗಾಲು ಕೊಡಲಿಲ್ಲ. ಮೇ ತಿಂಗಳಲ್ಲಿ ರೈಟರ್ ಅವರ ತೋಳಿನ ಅಂಗಿ ಹರಿದಳು. ಈಗ ಅವಳದು ನಾಲ್ಕಲ್ಲು. ಮೂಲೆಯ ಹಾಲುಹಲ್ಲು ಇನ್ನೂ ಇವೆ, ಮಳೆಗಾಲ ಮುಗಿಯುವ ಹೊತ್ತಿಗೆ ಬೀಳಬಹುದು. ಕ್ಯಾಲೆಂಡರ್‌ನಲ್ಲಿ ಚುಕ್ಕಿ ಇಡುವುದನ್ನು ನಾನು ಬಿಟ್ಟಿಲ್ಲ. ಕೆಂಪಿ ಬೆಚ್ಚಿದಾಗ ನನ್ನ ಎಡಗೈ ಈಗಲೂ ತಾನಾಗಿ ಬಿಗಿಯಾಗುತ್ತದೆ. ಅದನ್ನು ಸಡಿಲ ಬಿಡುವುದನ್ನು ನಾನೂ ತಿದ್ದುತ್ತಿದ್ದೇನೆ.

ಕಳೆದ ಮಂಗಳವಾರ ಮಳೆ ಸ್ವಲ್ಪ ಹೊಳವಾಗಿತ್ತು. ಕೆರೆ ಕಡೆ ಹೊರಟೆವು. ತಿರುವು ಬಂತು. ಕೆಂಪಿ ನಿಂತಳು. ಕಿವಿ ಎರಡೂ ಬೈನೆ ಮರದ ಕಡೆ. ನಾನು ಇಳಿದೆ. ಅವಳ ಭುಜದ ಪಕ್ಕ ನಿಂತು ನಾನೂ ಆ ಕಡೆ ನೋಡಿದೆ. ಎಲೆಯಿಂದ ನೀರು ತೊಟ್ಟಿಕ್ಕುವುದು ಬಿಟ್ಟರೆ ಏನೂ ಕೇಳಲಿಲ್ಲ. ಬೇಡ್ವಾ ಅಂದೆ. ಹಗ್ಗ ಸಡಿಲ ಬಿಟ್ಟೆ. ಅವಳು ನಿಧಾನಕ್ಕೆ ತಿರುಗಿದಳು, ಓಡಲಿಲ್ಲ. ಇಬ್ಬರೂ ನಡೆದುಕೊಂಡೇ ಮನೆಗೆ ಬಂದೆವು.

ಮಾರನೇ ದಿನ ರೈಟರ್ ಹೋಗಿ ನೋಡಿ ಬಂದರು. ಲದ್ದಿ ಇರಲಿಲ್ಲ. ಮರವೂ ಮುರಿದಿರಲಿಲ್ಲ. ನಾಳೆ ಅಜ್ಜಿಯನ್ನು ಕರೆದುಕೊಂಡು ಹೋಗಬೇಕು.